ಹೊಟ್ಟು ಇರುವ ತನಕ

ತಾಳಮಲೆಯ ಕೆಂಚಮ್ಮನವರಿಗೆ,

ಪಣಕಹಳ್ಳಿಯಿಂದ ಮಂಗಳಮ್ಮನ ಮಗಳು ಸುಮ ಮಾಡುವ ನಮಸ್ಕಾರ. ನಿಮ್ಮ ಸೊಸೆಗೆ ಕನ್ನಡ ಓದಲು ಬರುತ್ತದಲ್ಲ, ಅವಳೇ ಇದನ್ನು ಓದಿ ಹೇಳಲಿ. ಎದುರು ನಿಂತು ಹೇಳಲು ನನ್ನಿಂದಾಗಲಿಲ್ಲ.

ಅವ್ವ ಹೋಗಿ ತಿಂಗಳಾಯಿತು. ನಾನಿನ್ನೂ ಅತ್ತಿಲ್ಲ. ಕಾಲೇಜಿಗೆ ಹೋಗುತ್ತೇನೆ, ಸಸ್ಯಶಾಸ್ತ್ರದ ಪಾಠ ಮಾಡುತ್ತೇನೆ, ಬರುತ್ತೇನೆ. ಮೊನ್ನೆ ಪಾಠದಲ್ಲಿ ‘ಗ್ಲೂಮ್’ ಎಂಬ ಪದ ಬಂತು. ಹೋದ ವರ್ಷ ನೀವೂ ಅವ್ವನೂ ಜಗಲಿಯಲ್ಲಿ ಸಾಮೆ ಕೇರುತ್ತಿದ್ದಾಗ ನಾನು ವಿವರಿಸಿದ್ದು ಅದನ್ನೇ. ಹುಲ್ಲಿನ ತೆನೆಯಲ್ಲಿ ಹೂವನ್ನೂ ಕಾಳನ್ನೂ ಹೊರಗಿನಿಂದ ಮುಚ್ಚಿಕೊಂಡಿರುವ ಒಣ ಹೊಟ್ಟು. ಹೆಸರು ಲ್ಯಾಟಿನ್ನಿನದು, ಸುಲಿಯುವುದು ಎಂಬ ಮಾತಿನಿಂದ ಹುಟ್ಟಿದ್ದು.

“ಇದ್ಕೇ ಇಪ್ಪತ್ ವರ್ಸ ಓದ್ಸಿದ್ನಾ ನಿನ್ನ?” ಎಂದು ಅವ್ವ ನಕ್ಕಳು. ನೀವು ಮೊರ ನಿಲ್ಲಿಸಿ, “ಅದು ಸುಲ್ಯೋರು ಇಟ್ಟ ಎಸ್ರು ಕಣವ್ವ. ಬಿತ್ತೋರ್ನ ಕೇಳು. ಒಟ್ಟು ಇರೋಗಂಟ ಬಿತ್ನೆ, ಸುಲುದ್ಮೇಲೆ ಬರೀ ಅನ್ನ” ಎಂದಿರಿ.

ಹೊಟ್ಟಿನ ಆ ಮಾತನ್ನು ಬರೆದಿಟ್ಟುಕೊಂಡೆ. ಬರೆದಿಟ್ಟಿದ್ದರಿಂದಲೇ ಮರೆತೆನೋ ಏನೋ.

ಕಾಳಿನ ವಾಸನೆಗೆ ಆನೆ ಗೋಡೆ ಕೆಡವುತ್ತದೆಂದು ನೀವು ಬಿತ್ತನೆ ಸಾಮೆಯನ್ನು ವರ್ಷವರ್ಷವೂ ನಮ್ಮ ಅಟ್ಟದಲ್ಲಿಡುತ್ತಿದ್ದಿರಿ. ಅವ್ವನ ತಿಥಿಗೆ ಪಾಯಸ ಮಾಡಲೆಂದು ಅಟ್ಟ ಹತ್ತಿದವಳು ಕೈಗೆ ಸಿಕ್ಕ ಮಡಕೆ ಇಳಿಸಿದೆ. ಕಾಳಿಗೆ ಬೂದಿ ಬೆರೆಸಿತ್ತು. ಹುಳ ಹಿಡಿಯದಿರಲೆಂದು ಬೂದಿ ಬೆರೆಸುವುದು ಬಿತ್ತನೆಗೆ ಮಾತ್ರ, ನನಗೆ ಗೊತ್ತು. ಆ ದಿನ ಅದು ಧೂಳಿನಂತೆ ಕಂಡಿತು. ಜಾಲಿಸಿ, ಒಣಗಿಸಿ ಮಿಲ್ಲಿಗೆ ಕಳಿಸಿದೆ.

ನೀವು ಎರಡು ಸಲ ಪಾಯಸ ಹಾಕಿಸಿಕೊಂಡಿರಿ. “ನಮ್ ಸಾಮೆ ರುಚಿನೇ ಅದೆ” ಎಂದಿರಿ. ಹೊರಡುವಾಗ, “ನನ್ ಬಿತ್ನೆ ಅಟ್ದಲ್ಲೇ ಇರ್ಲಿ ಕಣವ್ವ, ಮಳೆ ಬಿದ್ಮೇಲೆ ಬತ್ತೀನಿ” ಎಂದಿರಿ. ನಾನು ಇಳಿಸಿದ್ದು ನಿಮ್ಮ ಮಡಕೆಯೆಂದು ಆಗ ಗೊತ್ತಾಯಿತು. ಆದರೂ ಆಗಲಿ ಎಂದು ತಲೆಯಾಡಿಸಿದೆ.

ಮಿಲ್ಲಿನಿಂದ ಹೊಟ್ಟಿನ ಚೀಲ ತಂದು, ಅವ್ವನ ಮೊರದಲ್ಲಿ ನಾಲ್ಕು ದಿನ ಕೇರಿದೆ. ಸುಲಿಯದೆ ಉಳಿದ ಕಾಳು ಒಂದು ಹಿಡಿ ಸಿಕ್ಕಿತು. ಹತ್ತನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ, ಆರು ಮೊಳೆತವು. ಅವ್ವನಿಗಾಗಿ ಬಾರದ ಅಳು ಅದನ್ನು ನೋಡಿಯೂ ಬರಲಿಲ್ಲ.

ಉಳಿದದ್ದನ್ನು ಈ ಪತ್ರದೊಂದಿಗೆ ಗಂಟುಕಟ್ಟಿ ಕಳಿಸಿದ್ದೇನೆ. ಎರಡು ಸಾಲಿಗೂ ಸಾಲದು. ಬಂದು ಬಯ್ಯಿರಿ. ಅಟ್ಟದಲ್ಲಿ ನಿಮ್ಮ ಮಡಕೆಯ ಜಾಗ ಹಾಗೇ ಇದೆ. ಇನ್ನು ಮುಂದೆ ಅಲ್ಲಿಡುವುದೂ ಬಿಡುವುದೂ ನಿಮ್ಮಿಷ್ಟ.

ಗಂಟಿನ ಕಾಳಿಗೆ ಬೂದಿ ಬೆರೆಸಿದ್ದೇನೆ.

ಮಳೆ ನಿಮ್ಮ ಹೊಲದತ್ತ ತಿರುಗಲಿ, ಆನೆ ತಿರುಗದಿರಲಿ.

ಸುಮ