ನೀರಧ್ಯಕ್ಷರು ಒರೆಸದ ಚಿತ್ರ

ತಗ್ಗಿನಕೇರಿ, ಹುಬ್ಬಳ್ಳಿ
ಇಸವಿ ೨೨೦೭, ಫೆಬ್ರವರಿ ೩೦

ನೂರೆಂಬತ್ತು ವರ್ಷ ಹಿಂದೆ ಕೂತು ಚಿತ್ರ ಬರೆಯುತ್ತಿರುವ ವ್ಯಂಗ್ಯಚಿತ್ರಕಾರರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕದ್ದನ್ನು ವರ್ಷದ ಕೊನೆಗೆ ಒಟ್ಟು ಮಾಡಿ, ಹೆಚ್ಚುದಿನ ಎಂದು ಹೆಸರಿಟ್ಟು ಊರೆಲ್ಲ ರಜೆ ಮಾಡುತ್ತೇವೆ. ನಿಮ್ಮ ಕಾಲದ ಪತ್ರಿಕೆಗಳನ್ನು ಓದಿ ಕಲಿತ ಕನ್ನಡದಲ್ಲಿ ಬರೆಯಲು ಹೊರಟಿದ್ದೇನೆ. ನಡುನಡುವೆ ನಮ್ಮ ಕಾಲದ ಮಾತು ನುಸುಳಿದರೆ ಕ್ಷಮಿಸಿ. ಈ ಕಾಗದ ನಿಮಗೆ ತಲುಪುವುದು ಹಿಂಟಪಾಲಿನಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲಿನಲ್ಲಿ. ಯುದ್ಧ, ಚುನಾವಣೆ, ರೋಗರುಜಿನಗಳ ಸುದ್ದಿ ಇದ್ದರೆ ಆ ಟಪಾಲಿನವರು ಕಾಗದವನ್ನು ಮುಟ್ಟುವುದೇ ಇಲ್ಲ. ವ್ಯಂಗ್ಯಚಿತ್ರದ ವಿಷಯ ಅಂದೊಡನೆ ಅಲ್ಲಿನ ಗುಮಾಸ್ತೆ ನಕ್ಕು, ಹಾಗಾದರೆ ನಾಳೆ ತಂದುಕೊಡಿ ಎಂದಳು. ನಮ್ಮ ಕಸುಬನ್ನು ಯಾವ ಕಾಲದಲ್ಲೂ ಯಾರೂ ಲೆಕ್ಕಕ್ಕಿಡುವುದಿಲ್ಲ ಎಂಬುದು ಒಮ್ಮೊಮ್ಮೆ ಹೀಗೆ ಉಪಯೋಗಕ್ಕೆ ಬರುತ್ತದೆ.

ನನ್ನ ಹೆಸರು ಮೆಹಬೂಬಿ ನವಲಗುಂದ. ತಗ್ಗಿನಕೇರಿಯ ಗೆರೆಯವಳು. ನೀವು ವ್ಯಂಗ್ಯಚಿತ್ರಕಾರರು ಎನ್ನುವುದನ್ನು ನಾವು ಗೆರೆಯವರು ಎನ್ನುತ್ತೇವೆ. ನನಗೆ ಪತ್ರಿಕೆಯಿಲ್ಲ, ಪರದೆಯಿಲ್ಲ; ಒಂದು ಸುಣ್ಣದ ಗೋಡೆ ಇದೆ, ಇದ್ದಿಲಿದೆ. ಯಾಕೆ ಹೀಗೆ ಎಂದು ಹೇಳಬೇಕಾದರೆ ತನ್ನೋಟದ ಬಗ್ಗೆ ಹೇಳಬೇಕು. ಅದು ಕಣ್ಣಿಗೆ ಹಾಕಿಕೊಳ್ಳುವ ಒಂದು ತೆಳು ಗಾಜು. ಯಾರಿಗೆ ಏನು ನೋಡಿದರೆ ಸಮಾಧಾನವೋ ಅವರಿಗೆ ಅದನ್ನೇ ತೋರಿಸುತ್ತದೆ. ಒಂದೇ ಸುದ್ದಿ ನನಗೊಂದು ಥರ, ಪಕ್ಕದ ಮನೆಯವರಿಗೆ ಇನ್ನೊಂದು ಥರ. ಮಕ್ಕಳ ಚಿತ್ರಕಥೆಗಳೂ ಅದರಲ್ಲೇ ಬರುತ್ತವೆ, ಮತ್ತು ಓದುವ ಮಗುವಿನ ಮುಖವೇ ನಾಯಕನಿಗೆ, ರಾಕ್ಷಸನನ್ನು ಕೊಂದವನಿಗೆ, ಮದುವೆಯಾದವನಿಗೆ. ಪುಟ ತಿರುಗಿಸಿದಲ್ಲೆಲ್ಲ ತನ್ನದೇ ಮುಖ ನೋಡಿ ನೋಡಿ ನಮ್ಮ ಮಕ್ಕಳಿಗೆ ಚಿತ್ರಕಥೆ ಎಂದರೆ ಆಕಳಿಕೆ ಬರುತ್ತದೆ. ಇಡೀ ಊರು ಒಂದೇ ಚಿತ್ರ ನೋಡಿ ಒಟ್ಟಿಗೆ ನಗುವ ಜಾಗ ಈಗ ಉಳಿದಿರುವುದು ಗೋಡೆ ಮಾತ್ರ. ಗೋಡೆಯ ಮುಂದೆ ತನ್ನೋಟ ತೆಗೆದು ಕಿಸೆಗೆ ಹಾಕಿಕೊಳ್ಳುವುದು ಮರ್ಯಾದೆ.

ಗೆರೆಲೋಕದ ಉಳಿದ ಸುದ್ದಿಯನ್ನೂ ಹೇಳಿಬಿಡುತ್ತೇನೆ, ಆಮೇಲೆ ಹೇಳುವಷ್ಟು ತಾಳ್ಮೆ ನನಗಿರುವುದಿಲ್ಲ. ಮಂಗಳೂರಿನ ಗೆರೆಯವರು ಇಳಿತದ ಹೊತ್ತಿನಲ್ಲಿ ಒದ್ದೆ ಮರಳಿನ ಮೇಲೆ ಬರೆಯುತ್ತಾರೆ, ಅದನ್ನು ಒರೆಸುವ ಕೆಲಸ ಸಮುದ್ರದ್ದು. ಬೆಳಗಾವಿಯಲ್ಲಿ ಒಬ್ಬಾಕೆ ಒಂದು ಚಿತ್ರಕಥೆಯನ್ನು ಗೋಡೆಯಿಂದ ಗೋಡೆಗೆ ಮುಂದುವರಿಸುತ್ತಿದ್ದಾಳೆ. ಓದಲು ಊರೆಲ್ಲ ಸುತ್ತಬೇಕು. ಕಥೆ ಸುಮಾರಾಗಿದ್ದರೂ ಓದುಗರ ಹೊಟ್ಟೆ ಕರಗಿದೆಯಂತೆ. ನಮ್ಮ ವರ್ಷದ ಕೂಟದಲ್ಲಿ ಈ ಸಲವೂ ಮೂಗು ಎಷ್ಟು ದೊಡ್ಡದಿರಬೇಕು ಎಂಬ ಜಗಳವಾಗಿ ಊಟ ತಡವಾಯಿತು.

ಇನ್ನು ನನ್ನ ಗೋಡೆಯ ಮಾತು. ಬೆಳಿಗ್ಗೆ ಗೆರೆಯವಳು ಬರೆಯಬೇಕು. ಹೊತ್ತು ಮುಳುಗುವಾಗ, ಯಾರ ಚಿತ್ರ ಬರೆದಿದ್ದೇವೋ ಅವರೇ ಬಂದು ತಮ್ಮ ಕೈಯಾರೆ ಗೋಡೆ ಒರೆಸಬೇಕು. ಅದಕ್ಕೆ ಒರೆಸುಹೊತ್ತು ಎನ್ನುತ್ತೇವೆ. ಬೈದುಕೊಂಡು ಒರೆಸಲಿ, ನಕ್ಕು ಒರೆಸಲಿ, ಅದು ಅವರಿಗೆ ಬಿಟ್ಟದ್ದು. ಬೇರೆ ಯಾರೂ ಆ ಚಿತ್ರ ಮುಟ್ಟುವ ಹಾಗಿಲ್ಲ, ಬರೆದವಳು ಕೂಡ. ಗೋಡೆ ಬರಿದಾಗದೆ ಮರುದಿನದ ಚಿತ್ರವಿಲ್ಲ. ಈ ಏರ್ಪಾಡು ಮಾಡಿದ ಹಿರಿಯರು ಜಾಣರು. ದೊಡ್ಡವರು ವಾರಕ್ಕೊಮ್ಮೆಯಾದರೂ ಒದ್ದೆ ಬಟ್ಟೆ ಹಿಡಿದು ಜನರ ಎದುರು ನಿಲ್ಲಬೇಕಾಗುತ್ತಿತ್ತು. ಆದರೆ ಯಾರಾದರೂ ಒರೆಸಲು ಬರದೇ ಇದ್ದರೆ ಏನು ಗತಿ ಎಂದು ಆ ಜಾಣರಿಗೆ ಹೊಳೆದಿರಲಿಲ್ಲ.

ನಮ್ಮ ನೀರಧ್ಯಕ್ಷ ಸಂಗಮನಾಥ ಮುಳಗುಂದ ಅವರಿಗೆ ಹೊಳೆಯಿತು. ನೀರಧ್ಯಕ್ಷ ಎಂದರೆ ಊರಿನ ಯಾವ ನಲ್ಲಿಗೆ ಯಾವಾಗ ನೀರು ಬಿಡಬೇಕು ಎಂದು ನಿರ್ಧರಿಸುವವರು. ಈ ಕಾಲದಲ್ಲಿ ಅವರಿಗಿಂತ ದೊಡ್ಡವರಿಲ್ಲ. ನಾನು ಅವರ ಮೂಗನ್ನೇ ನಲ್ಲಿ ಮಾಡಿ ಬರೆದೆ. ಆ ನಲ್ಲಿಯಿಂದ ಒಂದೊಂದೇ ಹನಿ ಅವರದೇ ಬಿಂದಿಗೆಗೆ ಬೀಳುತ್ತಿದೆ, ಹಿಂದೆ ಕೊಡ ಹಿಡಿದ ಜನರ ಸಾಲು. ಚಿತ್ರ ಚೆನ್ನಾಗಿ ಬಂದಿತ್ತು, ಸುಳ್ಳು ವಿನಯ ಯಾಕೆ. ಒರೆಸುಹೊತ್ತಿಗೆ ಅವರು ಬಂದರು, ನೋಡಿದರು, ಹೊಟ್ಟೆ ಕುಲುಕಿಸಿ ನಕ್ಕರು. ಆಮೇಲೆ ನನಗೆ ಕೈಮುಗಿದು, ಎಲ್ಲರಿಗೂ ಕೇಳುವಂತೆ, "ಏನ್ ಚಂದ ಬರದಿಯವಾ ಮೆಹಬೂಬಿ! ಇದನ್ನ ಒರಸಾಕ ನನಗ ಮನಸ್ಸs ಬರವಲ್ದು" ಎಂದು ಹೇಳಿ ಮನೆಗೆ ಹೋದರು. ಜನ ಚಪ್ಪಾಳೆ ತಟ್ಟಿದರು. ನಾನೂ ಉಬ್ಬಿಹೋದೆ.

ಮರುದಿನ ಚಿತ್ರದ ಮೇಲೊಂದು ಚಪ್ಪರ ಎದ್ದಿತು. ಅದರ ಮರುದಿನ ಸುತ್ತ ಹಗ್ಗ ಕಟ್ಟಿ ಕಾವಲಿಗೆ ಒಬ್ಬನನ್ನು ನಿಲ್ಲಿಸಿದರು. ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು, ನೋಡಿ ನಮ್ಮ ನೀರಧ್ಯಕ್ಷರು ಎಷ್ಟು ದೊಡ್ಡ ಮನಸ್ಸಿನವರು ಎಂದು ಪಾಠ ಹೇಳಿದರು. ನನಗೆ ಗೆರೆಭೂಷಣ ಎಂಬ ಬಿರುದು ಕೊಟ್ಟು ಶಾಲು ಹೊದಿಸಿದರು. ಬೇಸಿಗೆ ಶುರುವಾಗಿತ್ತು, ಶಾಲಿನೊಳಗೆ ಬೆವರುತ್ತ ನಿಂತಾಗ ನನಗೆ ಬುದ್ಧಿ ಬಂತು. ನನ್ನ ಬಾಯಿ ಕಟ್ಟಿದ್ದರು, ಅದೂ ನನ್ನ ಚಿತ್ರದಿಂದಲೇ.

ಆಗಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಯಾಕೆಂದರೆ ಬರೆಯಲೇಬೇಕಾದ ಸುದ್ದಿ ಈಗಲೇ ಬಂದಿದೆ. ತಗ್ಗಿನಕೇರಿಯ ನಲ್ಲಿಗಳನ್ನು ಬೇಸಿಗೆ ಏರುವ ಮೊದಲೇ, ಒಂದೊಂದಾಗಿ, ಮುಚ್ಚುತ್ತಿದ್ದಾರೆ. ಕೆಳಗಿನ ಓಣಿಯ ನಲ್ಲಿ ಒಣಗಿ ಎಷ್ಟೋ ದಿನವಾಯಿತು. ಮೇಲಿನ ಓಣಿಯವರ ತನ್ನೋಟದಲ್ಲಿ ಕೆಳಗಿನ ಓಣಿಗೆ ಬೇಕಾದಷ್ಟು ನೀರಿದೆ. ನಾನು ಹೋಗಿ ಹೇಳಿದರೆ, ನಿನಗೇನೋ ಹೊಟ್ಟೆಕಿಚ್ಚು, ಬಿರುದು ಕೊಟ್ಟ ನೀರಧ್ಯಕ್ಷರನ್ನೇ ದೂರುತ್ತೀಯಲ್ಲ ಎನ್ನುತ್ತಾರೆ. ಗೋಡೆಯ ಮೇಲೆ ಒಂದು ಒಣ ನಲ್ಲಿ ಬರೆದರೆ ಸಾಕು, ಊರಿಗೆಲ್ಲ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಆದರೆ ಗೋಡೆ ಖಾಲಿಯಿಲ್ಲ. ನಾನು ನೆಲದ ಮೇಲೆ ಬರೆಯುತ್ತೇನೆ, ರೊಟ್ಟಿಯ ಹಿಟ್ಟಿನಲ್ಲಿ ಬರೆಯುತ್ತೇನೆ, ನಿದ್ದೆಯಲ್ಲೂ ಬೆರಳುಗಳು ಆಡುತ್ತವೆಯಂತೆ. ನನ್ನ ಗಂಡ ಚಾದರ ತಗೊಂಡು ಅಂಗಳದಲ್ಲಿ ಮಲಗುತ್ತಿದ್ದಾನೆ.

ಕೂಟದ ಹಿರಿಯರನ್ನು ಕೇಳಿದೆ. ಬರೆಸಿಕೊಂಡವರೇ ಒರೆಸಬೇಕು, ಬೇರೆ ದಾರಿಯಿಲ್ಲ ಎಂದರು. ಆ ಮಾತು ಕೇಳಿ ಬರುವಾಗ ದಾರಿಯಲ್ಲೇ ತಟ್ಟನೆ ಹೊಳೆಯಿತು: ಚಿತ್ರದಲ್ಲಿ ಇರುವವರು ನೀರಧ್ಯಕ್ಷರೊಬ್ಬರೇ ಅಲ್ಲವಲ್ಲ! ಹಿಂದೆ ಸಾಲು ನಿಂತ ಜನರಿದ್ದಾರೆ, ಅವರೂ ಬರೆಸಿಕೊಂಡವರೇ. ಓಡಿಹೋಗಿ ಹಗ್ಗದ ಹೊರಗೆ ನಿಂತು ನೋಡಿದೆ. ನೋಡಿ ಹಣೆ ಚಚ್ಚಿಕೊಂಡೆ. ಸಾಲಿನಲ್ಲಿ ಇದ್ದದ್ದೆಲ್ಲ ಕಣ್ಣುಮೂಗಿಲ್ಲದ ಸೊನ್ನೆಗಳು.

ಇದು ನಿಮ್ಮ ಮೇಲೆ ನನಗಿರುವ ದೂರು, ಕೇಳಿಸಿಕೊಳ್ಳಿ. ಗೆರೆ ಕಲಿಯುವಾಗ ನಮ್ಮ ಕೈಗೆ ಕೊಡುವುದು ನಿಮ್ಮ ಕಾಲದ ಪುಟಗಳನ್ನು. ಮಂತ್ರಿಯ ಕಿವಿಯ ಕೂದಲನ್ನೂ ಬಿಡದೆ ಬರೆಯುವ ನೀವು ಜನಜಂಗುಳಿ ಬಂದಾಗ ಏನು ಮಾಡುತ್ತೀರಿ? ಸೊನ್ನೆ, ಸೊನ್ನೆ, ಸೊನ್ನೆ. ಸಭೆಗೆ ಸೇರಿದವರೂ ಸೊನ್ನೆ, ಬಸ್ಸಿಗೆ ಕಾದವರೂ ಸೊನ್ನೆ. ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಾಗಿರುತ್ತದೆ, ಗೊತ್ತು. ಆದರೆ ನೀವು ಅವಸರದಲ್ಲಿ ಮಾಡಿದ್ದನ್ನು ನಾವು ಕಸುಬಿನ ನಿಯಮ ಎಂದು ಕಲಿತೆವು. ನೂರೆಂಬತ್ತು ವರ್ಷದ ಮೇಲೂ ಜನ ಎಂದರೆ ನಮ್ಮ ಕೈ ತಾನಾಗಿ ಸೊನ್ನೆ ಸುತ್ತುತ್ತದೆ.

ಪುಣ್ಯಕ್ಕೆ ಒಂದು ಮುಖ ಇತ್ತು. ಸಾಲಿನ ಕೊನೆಗೆ, ಮಾಸ್ಟರು ನೋಡದಿರುವಾಗ ಮಕ್ಕಳು ಕಿಟಕಿಯಾಚೆ ನೋಡುವ ಹಾಗೆ, ಸುಮ್ಮನೆ ಬೇಜಾರು ಕಳೆಯಲು ತಿಪ್ಪವ್ವನನ್ನು ಬರೆದಿದ್ದೆ. ಗೋಡೆಯ ಎದುರಿಗೇ ಮಿರ್ಚಿ ಭಜಿ ಕರಿಯುವ ತಿಪ್ಪವ್ವ. ಮುಂದಿನ ಹಲ್ಲೊಂದಿಲ್ಲ, ನಕ್ಕರೆ ಕದ ತೆರೆದಂತೆ ಕಾಣುತ್ತದೆ. ಹೋಗಿ ಹೇಳಿದರೆ ನಂಬಲಿಲ್ಲ. ದಿನವೂ ಗೋಡೆಯೆದುರೇ ಕೂತರೂ ಆಕೆಗೆ ಬಾಣಲೆ ಬಿಟ್ಟು ತಲೆಯೆತ್ತುವ ಪುರಸೊತ್ತಿಲ್ಲ. ಎದ್ದು ಬಂದು, ಹಗ್ಗದ ಹೊರಗಿನಿಂದ ಬಗ್ಗಿ ನೋಡಿ, "ಇಕಿ ನಾನs ಅಲ್ಲೇನs?" ಎಂದಳು. ಒರೆಸುತ್ತೀಯಾ ಎಂದು ಕೇಳಿದೆ. ಆಕೆ ಹೋಗಿ ಬಾಣಲೆಯ ಮುಂದೆ ಕೂತಳು. ಹೆದರಿಕೆ ಇದ್ದದ್ದೇ. ಆಕೆಯ ಅಂಗಡಿಯ ನಲ್ಲಿಯೂ ನೀರಧ್ಯಕ್ಷರ ಕೈಯಲ್ಲೇ ಇದೆ, ನೀರಿಲ್ಲದೆ ಹಿಟ್ಟು ಕಲಸುವುದು ಹೇಗೆ? ಇದೆಲ್ಲ ನಿನ್ನೆಯ ಮಾತು. ಇವತ್ತು ಬೆಳಿಗ್ಗೆಯಿಂದ ಆಕೆಯ ಅಂಗಡಿ ಕಾಣುವ ಹಾಗೆ ಕಿಟಕಿಯಲ್ಲಿ ಕೂತು ಈ ಕಾಗದ ಬರೆಯುತ್ತಿದ್ದೇನೆ. ಆಕೆ ಕರಿಯುತ್ತಲೇ ಇದ್ದಾಳೆ. ಹೊತ್ತು ಇಳಿಯುತ್ತಿದೆ. ಅಕೋ, ಒಲೆ ಆರಿಸಿದಳು.

ಮುಂದಿನದನ್ನು ಮನೆಗೆ ಬಂದು ಬರೆಯುತ್ತಿದ್ದೇನೆ. ತಿಪ್ಪವ್ವ ಭಜಿ ಅಂಗಡಿಯ ಒದ್ದೆ ಬಟ್ಟೆ ಹಿಡಿದು ನೇರ ಹಗ್ಗದ ಹತ್ತಿರ ಹೋದಳು. ಕಾವಲಿನವ ತಡೆದು, ನೀರಧ್ಯಕ್ಷರ ಚಿತ್ರ ಒರೆಸಲು ನೀನ್ಯಾರು ಎಂದು ಕೇಳಿದ. ಜನ ಸೇರಿದರು, ಒಬ್ಬೊಬ್ಬರೇ ತನ್ನೋಟ ತೆಗೆದರು. ತಿಪ್ಪವ್ವ ಗೋಡೆಯ ಮೇಲಿನ ತನ್ನ ಚಿತ್ರದ ಕಡೆ ಬೆರಳು ಮಾಡಿ ಬಾಯಿ ತೆರೆದು ತೋರಿಸಿದಳು. ಕಾವಲಿನವ ಗೋಡೆ ನೋಡಿದ, ಆಕೆಯ ಹಲ್ಲು ನೋಡಿದ, ಮತ್ತೆ ಗೋಡೆ ನೋಡಿದ. ತಡೆಯಲಾಗದೆ ನಕ್ಕುಬಿಟ್ಟ. ಜನರೂ ನಕ್ಕರು. ನಗುತ್ತಲೇ ಅವನು ಹಗ್ಗ ಎತ್ತಿದ.

ಒಳಗೆ ಹೋದವಳು ಬಟ್ಟೆ ಎತ್ತಿ ಹಾಗೇ ನಿಂತುಬಿಟ್ಟಳು. ನೀರಧ್ಯಕ್ಷರ ಕಡೆಯವರು ಬಂದುಬಿಡುತ್ತಾರೆ ಎಂದು ನನಗೆ ಜೀವ ಕೈಯಲ್ಲಿ. ಬೇಗ ಎಂದು ಕೂಗಿದೆ. ಆಕೆ ತಿರುಗದೆ, "ತಡೀಯವಾ. ನನ್ನ ಮಾರಿ ಇಲ್ಲೀಮಟಾ ಯಾರೂ ಬರದಿದ್ದಿಲ್ಲ. ಒಂದ್ ಗಳಿಗಿ ನೋಡ್ಕೊಂಡು ಒರಸ್ತೀನಿ" ಎಂದಳು. ನೋಡಿದಳು. ಆಮೇಲೆ ಮೊದಲು ತನ್ನ ಮುಖ ಒರೆಸಿದಳು, ಆಮೇಲೆ ಸೊನ್ನೆಗಳನ್ನು, ಕಡೆಗೆ ಆ ದೊಡ್ಡ ಮೂಗನ್ನು. ನನ್ನ ಕಣ್ಣು ತುಂಬಿ ಬಂತು. ಗೋಡೆ ಬರಿದಾಯಿತು.

ನಾಳೆ ಒಣ ನಲ್ಲಿ ಬರೆಯುತ್ತೇನೆ. ಆಕೆಯ ನಲ್ಲಿಯನ್ನೂ ಮುಚ್ಚಬಹುದು, ನನ್ನದನ್ನೂ ಮುಚ್ಚಬಹುದು, ಹೆದರಿಕೆ ಹೋಗಿಲ್ಲ. ಆದರೆ ಸಾಲಿನಲ್ಲಿ ಒಂದೂ ಸೊನ್ನೆ ಇರುವುದಿಲ್ಲ. ಕೆಳಗಿನ ಓಣಿಯವರೆಲ್ಲ ಬೆಳಗಾಗುವ ಮೊದಲೇ ಬಂದು ನಿಲ್ಲುತ್ತೇವೆ ಎಂದಿದ್ದಾರೆ, ಕೆಲವರು ತಲೆ ಬಾಚಿಕೊಂಡು ಬರುವುದಾಗಿಯೂ ಹೇಳಿದ್ದಾರೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಇವತ್ತಿನ ಚಿತ್ರವನ್ನು ಅಚ್ಚಿಗೆ ಕಳಿಸುವ ಮೊದಲು ಒಂದು ಗಳಿಗೆ ತಡೆಯಿರಿ. ಹಿಂದಿನ ಸಾಲಿನಲ್ಲಿ ಒಬ್ಬರಿಗಾದರೂ ಕಣ್ಣು, ಮೂಗು, ಬಿದ್ದುಹೋದ ಹಲ್ಲು ಬರೆದು ಕಳಿಸಿ.

ನಿಮ್ಮ ಕೈಯಿಂದಲೇ ಕಲಿತ,
ಮೆಹಬೂಬಿ