ಹೊಳೆಯುವ ಕಾಗದದ ಮೆತ್ತೆ

ಹರಿಹರ, ಫೆಬ್ರವರಿ ೩೦, ೨೩೧೪

ಮುನ್ನೂರು ವರ್ಷದ ಹಿಂದಿನ ಹಿರಿಯರಿಗೆ ನೀಲಾಂಬೆಯ ನಮಸ್ಕಾರ.

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ನಗಬೇಡಿ, ನಮ್ಮ ಪಂಚಾಂಗದಲ್ಲಿ ಬಂದಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ತುಂಗಭದ್ರೆಯ ದಡದ ಮೆತ್ತೆಮನೆಯವಳು. ಒಡೆಯುವ ಸಾಮಾನಿಗೆ ಹಳೆಯ ಕಾಗದದಿಂದ ಹಾಸಿಗೆ ಮಾಡುವ ಜಾಗವನ್ನು ನಾವು ಹಾಗೆ ಕರೆಯುತ್ತೇವೆ.

ಕಾಗದಕ್ಕೆ ಸಾಲುಸಾಲಾಗಿ ಸಣ್ಣ ಸೀಳು ಕೊಟ್ಟು ಎರಡೂ ತುದಿ ಹಿಡಿದು ಎಳೆದರೆ ಅದು ಜೇನುಗೂಡಿನ ಹಾಗೆ ಕಣ್ಣುಕಣ್ಣಾಗಿ ಬಿಡಿಸಿಕೊಳ್ಳುತ್ತದೆ. ಅದನ್ನು ಸೀಸೆಗೆ ಮೂರು ಸುತ್ತು ಸುತ್ತಿ, ಸಂದಿಗಳಿಗೆ ಮುದುರಿದ ಕಾಗದ ತುರುಕಿ, ಪೆಟ್ಟಿಗೆಯನ್ನು ಅಲ್ಲಾಡಿಸಿ ಕಿವಿಗೊಡುತ್ತೇವೆ. ಒಳಗೆ ಸದ್ದಾಗಬಾರದು. ಕಾಗದವೆಲ್ಲ ನಿಮ್ಮ ಕಾಲದ ಗೋದಾಮುಗಳಿಂದ ಅಗೆದು ತಂದದ್ದು. ಅಬ್ಬಾ, ಎಷ್ಟೊಂದು ಬಿಟ್ಟುಹೋಗಿದ್ದೀರಿ! ಉಡುಗೊರೆ ಸುತ್ತುವ ಕಾಗದವೇ ಒಂದು ಕೋಣೆ ತುಂಬ ಇದೆ. ಒಂದು ಸ್ಟೀಲ್ ಡಬ್ಬಿಗೆ ಅಷ್ಟೊಂದು ಶೃಂಗಾರ ಯಾಕೆ ಬೇಕಿತ್ತೋ ನಿಮಗೆ.

ನಮ್ಮಲ್ಲೊಂದು ಪದ್ಧತಿಯಿದೆ. ಸ್ವಂತದವರಿಗೆ ಹೋಗುವ ಪೆಟ್ಟಿಗೆಗೆ ಎಲ್ಲಕ್ಕಿಂತ ಚಂದದ ಕಾಗದವನ್ನೇ ಹಾಕಬೇಕು. ರದ್ದಿ ತುರುಕಿ ಕಳಿಸಿದರೆ ಆ ಮನೆಯವರಿಗೆ ಅವಮಾನ.

ಹದಿನೈದು ವರ್ಷದ ಹಿಂದೆ, ಸಂಡೂರಿನ ಗುಡ್ಡದ ಮೇಲಿರುವ ನನ್ನ ತಂಗಿ ಹೊನ್ನವ್ವನ ಮಗಳು ಬನಶ್ರೀಗೆ ಮೆದುಳು ಜ್ವರ ಬಂತು. ಆರು ಸೀಸೆ ಔಷಧಿಯನ್ನು ನಾನೇ ಕಟ್ಟಿದೆ. ಬಂಗಾರದ ಹೂವಿನ, ಥಳಥಳ ಹೊಳೆಯುವ ನಿಮ್ಮ ಕಾಗದವನ್ನೇ ಆರಿಸಿಕೊಂಡೆ. ನಮ್ಮ ಹಿರಿಯಾಳು ದ್ಯಾಮವ್ವ ನೋಡಿದವಳೇ ಗದರಿದಳು: "ಥಳಕಿಗೆ ಮರುಳಾಗಬ್ಯಾಡ ಕಣೇ, ಮುದುರಿ ನೋಡು. ಕೈ ಬಿಟ್ಟ ಕೂಡ್ಲೆ ಬಿಚ್ಕೊಂತತಿ ಅದು."

"ನನ್ನ ತಂಗಿಗೆ ರದ್ದಿ ಕಳಿಸ್ಲೇನು?" ಎಂದು ಸಿಡುಕಿದೆ. ಅಲ್ಲಾಡಿಸಿದಾಗ ಸದ್ದಾಗಲಿಲ್ಲವಲ್ಲ, ಅಷ್ಟೇ ಸಾಕೆನಿಸಿತು.

ಆ ಕಾಗದಕ್ಕೆ ನೀವು ಪ್ಲಾಸ್ಟಿಕ್ಕಿನ ತೆಳು ಚರ್ಮ ಅಂಟಿಸಿದ್ದಿರಿ. ಅದು ಮಡಿಕೆ ಹಿಡಿದಿಟ್ಟುಕೊಳ್ಳುವುದಿಲ್ಲ. ತೂಗುಗಾಡಿ, ಎಂದರೆ ಹಗ್ಗದ ಮೇಲೆ ಗುಡ್ಡ ಹತ್ತುವ ನಮ್ಮ ಬಂಡಿ, ಕುಲುಕುತ್ತ ಹೋದಂತೆ ಮೆತ್ತೆ ಸಡಿಲವಾಗಿ ಸೀಸೆಗೆ ಸೀಸೆ ಬಡಿಯಿತು. ಆರೂ ಒಡೆದವು. ಬೇರೆ ಔಷಧಿ ಮುಟ್ಟಲು ಒಂಬತ್ತು ದಿನ ಹಿಡಿಯಿತು. ಮಗು ಉಳಿಯಿತು, ಆದರೆ ಎರಡೂ ಕಿವಿ ಹೋದವು.

ಹೊನ್ನವ್ವ ಗಾಡಿಯವನನ್ನು ಶಪಿಸಿದಳು. ನಾನು ಬಾಯಿ ಬಿಡಲಿಲ್ಲ. ದ್ಯಾಮವ್ವನೂ ನನ್ನ ಮುಖ ನೋಡಿ ಸುಮ್ಮನಾದಳು. ಆ ನಾಚಿಕೆ ಇಂದಿಗೂ ನನ್ನನ್ನು ತಿನ್ನುತ್ತಿದೆ.

ಪೂರ್ತಿ ತಪ್ಪನ್ನು ನಿಮ್ಮ ತಲೆಗೆ ಕಟ್ಟಲಾರೆ. ಆದರೂ ಕೈಮುಗಿದು ಕೇಳುತ್ತೇನೆ: ಕಾಗದವನ್ನು ಕಾಗದವಾಗಿಯೇ ಬಿಡಿ, ಅದಕ್ಕೆ ಹೊಳಪಿನ ಚರ್ಮ ಹೊದಿಸಬೇಡಿ. ನಿಮ್ಮ ಕೈ ಬಿಟ್ಟುಹೋದ ಮೇಲೂ ಅದಕ್ಕೆ ಕೆಲಸವಿದೆ.

ಬನಶ್ರೀಗೆ ಈಗ ಇಪ್ಪತ್ತೊಂದು. ಹೋದ ತಿಂಗಳಿಂದ ಇಲ್ಲೇ, ನನ್ನ ಪಕ್ಕದ ಮಣೆಯಲ್ಲಿ ಕೂತು ಮೆತ್ತೆ ಎಳೆಯುತ್ತಾಳೆ. ಪೆಟ್ಟಿಗೆ ಅಲ್ಲಾಡಿಸಿ ನನ್ನ ಕಡೆ ಚಾಚುತ್ತಾಳೆ, ಅವಳ ಪರವಾಗಿ ನಾನು ಕೇಳಿ ಹೇಳಬೇಕು. ದೊಡ್ಡಮ್ಮ ತಲೆಯಾಡಿಸಿದರೆ ಸರಿಯಿದೆ ಎಂದು ನಂಬುತ್ತಾಳೆ. ಇನ್ನು ಮುಚ್ಚಿಡುವುದು ನನ್ನಿಂದಾಗದು. ಈ ಪತ್ರ ನಿಮ್ಮನ್ನು ಮುಟ್ಟುತ್ತದೋ ಇಲ್ಲವೋ ತಿಳಿಯದು. ಶಾಯಿ ಒಣಗಿದ ಮೇಲೆ ಮೊದಲು ಅವಳ ಕೈಗೆ ಕೊಡುತ್ತೇನೆ.