ಬೊಗಸೆಕೊಳಕ್ಕೆ ಅಡ್ಡ ನಿಂತವರು

ಮರುಎಣಿಕೆಯ ೨೧೨ನೇ ವರ್ಷ, ಕರಗುವಾರಕ್ಕೆ ಇನ್ನು ಮೂರು ದಿನ
ಬೊಗಸೆಕೊಳದ ದಂಡೆ, ಹಿಮಾಲಯ

ಸುಕನ್ಯಜ್ಜಿಯವರಿಗೆ, ನಿಮ್ಮ ಮರಿಮಗಳ ಮರಿಮಗಳು ದೇವೀರಮ್ಮ ಮಾಡುವ ನಮಸ್ಕಾರಗಳು.

ಈ ಕಾಗದ ಕೈಸೇರುವಾಗ ನಿಮಗೆ ಇಪ್ಪತ್ತೇಳೇ ವರ್ಷ. ಅಜ್ಜಿ ಅಂದದ್ದಕ್ಕೆ ಮುನಿಸಿಕೊಳ್ಳಬೇಡಿ, ಬೇರೆ ಏನೆಂದು ಕರೆಯಲಿ? ಗೊತ್ತಿಲ್ಲದ ಮಾತುಗಳು ನುಸುಳಿದರೆ ಕ್ಷಮಿಸಿ. ಕರಗುವಾರವೆಂದರೆ ಹಿಮ ನೀರಾಗಿ ಹರಿಯುವ ಕಾಲ. ನಿಮಗದು ಇಡೀ ಬೇಸಿಗೆ, ನಮಗೆ ವರ್ಷಕ್ಕೆ ಒಂದೇ ವಾರ.

ನಾನಿಲ್ಲಿ ನೀರುಗಂಟಿ. ಕೆರೆಯ ತೂಬು ಎತ್ತಿ ಊರಿಗೆ ನೀರು ಬಿಡುತ್ತಿದ್ದವರ ಆ ಹಳೆಯ ಕೆಲಸ ನಮ್ಮ ಕಾಲದಲ್ಲಿ ಬೆಟ್ಟ ಹತ್ತಿದೆ. ಬೆಳಿಗ್ಗೆ ಎದ್ದು ಗೀಟು ಹಾಕಿದ ಕೋಲನ್ನು ಕೊಳಕ್ಕಿಳಿಸುತ್ತೇನೆ, ಎಷ್ಟಿದೆಯೆಂದು ಕೆಳಗಿನ ಊರಿಗೆ ಕೂಗಿ ಹೇಳುತ್ತೇನೆ, ಆಮೇಲೆ ಬಾರ್ಲಿ ಗಂಜಿ ಕುಡಿಯುತ್ತೇನೆ. ಆ ಎಪ್ಪತ್ತು ಮನೆಗಳಿಗೆ ಈ ಕೊಳ ಬಿಟ್ಟರೆ ಬೇರೆ ನೀರಿಲ್ಲ.

ಚಳಿಗಾಲದಲ್ಲಿ ಗುಡ್ಡ ಜರಿದು, ಹಿಮದ ನೀರು ಕೊಳಕ್ಕೆ ಬರುವ ಬಾಯಿ ಮುಚ್ಚಿಹೋಯಿತು. ಈಗ ದೊಡ್ಡ ಕರಿಬಂಡೆಯ ಎಡಕ್ಕೊಂದು, ಬಲಕ್ಕೊಂದು ತಗ್ಗು ಉಳಿದಿವೆ. ಒಂದರ ಕೆಳಗೆ, ನಿಮ್ಮ ಕಾಲದಲ್ಲಿ ಹರಿದು ನಾವು ಹುಟ್ಟುವ ಮೊದಲೇ ಬತ್ತಿದ ಹಳೆಯ ತೊರೆಯ ಗಟ್ಟಿ ಕಲ್ಲುಹಾಸಿದೆ. ಇನ್ನೊಂದು ಬರೀ ಜಲ್ಲಿ, ಅಲ್ಲಿ ಅಗೆದರೆ ದಂಡೆಯೇ ಕೊಚ್ಚಿಕೊಂಡು ಇದ್ದ ನೀರೂ ಕಣಿವೆಪಾಲು. ನಾವಿರುವುದು ಆರು ಜನ. ಮೂರು ದಿನದಲ್ಲಿ ಒಂದನ್ನು ಮಾತ್ರ ಅಗೆಯಬಲ್ಲೆವು.

ತೊರೆ ಯಾವ ಕಡೆ ಇತ್ತೆಂದು ನೋಡಲು ಚಿತ್ರಕಣಜ ತೆರೆದೆ. ನಿಮ್ಮ ಕಾಲದವರ ಫೋಟೋಗಳನ್ನೆಲ್ಲ ತುಂಬಿಟ್ಟ ಉಗ್ರಾಣ ಅದು. ಬೊಗಸೆಕೊಳದವೇ ನಲವತ್ತೊಂದು ಸಾವಿರ. ಅಯ್ಯೋ ಶಿವನೇ! ಒಂದರಲ್ಲಾದರೂ ಕೊಳ ಕಾಣಬೇಡವೇ? ಹಲ್ಲು ಕಿರಿಯುವವರು, ಗಾಳಿಗೆ ಹಾರುವವರು, ಬೆರಳೆರಡು ಎತ್ತುವವರು, ಕೊಳಕ್ಕೆ ಬೆನ್ನು ಹಾಕಿ ಮ್ಯಾಗಿ ತಿನ್ನುವವರು. ಅಷ್ಟು ದೂರ ಏದುಸಿರು ಬಿಡುತ್ತಾ ಹತ್ತಿ ಬಂದದ್ದು ನಿಮ್ಮ ಮುಖ ನೀವೇ ನೋಡಿಕೊಳ್ಳುವುದಕ್ಕಾ? ನಿಮ್ಮನ್ನೆಲ್ಲ ನೋಡಿ ನೋಡಿ ನನಗೆ ಸಾಕಾಗಿಹೋಗಿದೆ.

ಕೊನೆಗೆ ಸಿಕ್ಕಿದ್ದು ನೀವು. ಅದೇ ಕರಿಬಂಡೆಯ ಮೇಲೆ ನಿಂತು, ಕೆಂಪು-ಹಳದಿ ಬಾವುಟವನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದಿದ್ದೀರಿ. ಎಡದ ತಗ್ಗೂ ಕಾಣದು, ಬಲದ್ದೂ ಕಾಣದು. ತಲೆ ತಲೆ ಚಚ್ಚಿಕೊಂಡೆ. ಅಭಿಮಾನ ಬೇಡ ಅಂದವರಾರು, ತಾಯಿ? ನಾವೂ ಇಲ್ಲಿ ಕನ್ನಡವನ್ನೇ ಆಡುತ್ತೇವೆ. ಬಾವುಟವನ್ನು ನಾಲ್ಕು ಹೆಜ್ಜೆ ಆಚೆ ಹೋಗಿ ಹಿಡಿಯಬಾರದಿತ್ತೇ?

ನೋರ್ಬು ಕೆಳಗಿನ ಊರಿನವನು, ಕನ್ನಡ ನನ್ನಿಂದಲೇ ಕಲಿತವನು. ನಾನು ಬೈಯುತ್ತಿದ್ದರೆ ಅವನು ಚಿತ್ರಕ್ಕೆ ಮೂಗು ತಾಗಿಸಿ ಕೂತಿದ್ದ. “ಅಕ್ಕಾ, ಅಜ್ಜಿ ಮುಖ ಬಿಡಿ, ಬೂಟು ನೋಡಿ” ಅಂದ. ನೋಡಿದೆ. ಬಾವುಟದ ಕೆಳಗೆ, ಬಂಡೆಯ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಎಡಗಡೆಯಿಂದ ಬಂದಿದ್ದವು.

ತೊರೆ ದಾಟುವಾಗ ಕಾಲು ನೆನೆಯಿತೇ, ಅಥವಾ ಸುಮ್ಮನೆ ಮೋಜಿಗೆ ಕೊಳಕ್ಕಿಳಿದಿದ್ದಿರೇ? ಅದನ್ನು ನಿಮ್ಮನ್ನೇ ಕೇಳಬೇಕು, ನೀವೋ ನಕ್ಕುಕೊಂಡು ನಿಂತಿದ್ದೀರಿ. ನನಗೆ ಹೆದರಿಕೆಯಾಗುತ್ತಿದೆ, ಅಜ್ಜಿ. ಆದರೂ ನಾಳೆ ಎಡಕ್ಕೇ ಗುದ್ದಲಿ ಹಾಕುತ್ತೇವೆ. ಎಪ್ಪತ್ತು ಮನೆಗಳ ನೀರು ನಿಮ್ಮ ಒದ್ದೆ ಬೂಟನ್ನು ನಂಬಿದೆ.

ಈ ಕಾಗದ ತಲುಪಿದಾಗ ನೀವಿನ್ನೂ ಬಂಡೆಯ ಮೇಲೇ ಇದ್ದರೆ, ದಯವಿಟ್ಟು ಬಾವುಟ ಮಡಿಸಿ ಕೆಳಗಿಳಿಯಿರಿ. ಫೋನನ್ನು ಕೊಳದ ಕಡೆ ತಿರುಗಿಸಿ. ಒಂದೇ ಒಂದು ಫೋಟೋ ಸಾಕು, ನೀವಿಲ್ಲದ್ದು.